ವರ್ಟ್ ರ‍್ಯಾಂಪ್: ಮೊದಲ ಸಲ ಇಳಿಯುವುದು ಹೇಗೆ?

ಪ್ರಶ್ನೆ
ಬೆಂಗಳೂರಿನಲ್ಲಿ ರಿಂಕ್ ಸ್ಕೇಟಿಂಗ್ ಮಾಡುತ್ತಾ ಬೆಳೆದವಳು ನಾನು. ಈಗ 34 ವರ್ಷ, ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲೊಂದು 11 ಅಡಿಯ ವರ್ಟ್ ರ‍್ಯಾಂಪ್ ಸಿಕ್ಕಿದೆ: U ಆಕಾರದ ಸ್ಕೇಟಿಂಗ್ ಇಳಿಜಾರು, ಎರಡೂ ಬದಿಯ ಗೋಡೆ ಬಾಗಿ ಮೇಲೆ ಪೂರ್ತಿ ನೆಟ್ಟಗಾಗುತ್ತದೆ. ಮೂರು ಶನಿವಾರ ಮೇಲೆ ನಿಂತು, ಕೆಳಗೆ ನೋಡಿ, ವಾಪಸ್ ಬಂದೆ. ನೀವೆಲ್ಲ ಹೇಗೆ ಇಳಿದಿರಿ?

ಉತ್ತರ 1
ಅಕ್ಕ, ಮೇಲಿಂದ ಬೇಡ, ಕೆಳಗಿನಿಂದ ಶುರು ಮಾಡಿ. ಸಮತಟ್ಟಿನಲ್ಲಿ ಮಂಡಿ ಮಡಚಿ, ಗೋಡೆ ಬಾಗುವ ಕಡೆ ಕಾಲು ನೆಟ್ಟಗೆ ಮಾಡಿ. ಉಯ್ಯಾಲೆ ಜೀಕಿದ ಹಾಗೇ ಅಲ್ವಾ? ಪ್ರತಿ ಸಲ ಒಂದು ಗೇಣು ಮೇಲೆ ಹೋಗುತ್ತೀರಿ. ಆದರೆ ಬೀಳುವುದನ್ನು ಮೊದಲು ಕಲಿಯಿರಿ. ಮಂಡಿ ಪ್ಯಾಡ್ ಮೇಲೆ ಕೂತು ಜಾರಬೇಕು, ಕೈ ಊರಬಾರದು. 11 ವರ್ಷದಿಂದ ವರ್ಟ್ ಮಾಡುತ್ತಿದ್ದೇನೆ. ನನ್ನ ಹಳೇ ಪ್ಯಾಡಿನ ಪ್ಲಾಸ್ಟಿಕ್ ಸವೆದು ಕಾಗದದಷ್ಟು ತೆಳ್ಳಗಾಗಿದೆ, ಎಸೆಯಲು ಮನಸ್ಸಿಲ್ಲ. ಚಕ್ರ ಅಂಚಿನ ಕಬ್ಬಿಣದ ಪೈಪ್ ದಾಟಿದ ತಕ್ಷಣ ಗರಗರ ಸದ್ದೆಲ್ಲ ನಿಂತುಬಿಡುತ್ತದೆ. ಆ ಒಂದು ಕ್ಷಣಕ್ಕೆ ವಾರವಿಡೀ ಕಾಯುತ್ತೇನೆ.

ಉತ್ತರ 2
ಬ್ರೆಜಿಲಿನ ಸ್ಕೇಟರ್ ಫಾಬಿಯೋಲಾ ಡ ಸಿಲ್ವಾ ಅವರ ವಿಡಿಯೋ ನೋಡಿ. 1996ರಲ್ಲೇ ಎಕ್ಸ್ ಗೇಮ್ಸ್ ಅನ್ನುವ ಸಾಹಸ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. ಆಮೇಲೆ ಗಂಡಸರ ಜೊತೆಗೇ ವರ್ಟ್ ಸ್ಪರ್ಧೆಗೆ ಇಳಿದರು. ಅವರ ಮಂಡಿ ಎಲ್ಲಿ ಮಡಚುತ್ತದೆ ಅನ್ನುವುದನ್ನೇ ಗಮನಿಸಿ.

ಪ್ರಶ್ನೆ ಕೇಳಿದವರು
ಇವತ್ತು ಕೆಳಗಿನಿಂದ ಜೀಕಿದೆ. ಅರ್ಧ ಗೋಡೆ ಹತ್ತಿದೆ! ಆರು ಸಲ ಬಿದ್ದೆ, ಆರೂ ಸಲ ಮಂಡಿ ಮೇಲೇ.