ಗೀಳು ರೋಗದ ಡಾಕ್ಟ್ರನ್ನ ಕೇಳಿ: ಹಾಸನ ಬಳಗದ ಭಾನುವಾರದ ಪ್ರಶ್ನೋತ್ತರ

ಡಾಕ್ಟರ್: ನಮಸ್ಕಾರ. ಅಡ್ಮಿನ್ ಬಿಡಲಿಲ್ಲ, ಬಂದಿದ್ದೇನೆ. ನಾನು ಮನೋವೈದ್ಯ. ಬೆಂಗಳೂರಲ್ಲಿ ಓದಿ, ಕೆಲವು ವರ್ಷ ಸಂಶೋಧನೆ ಮಾಡಿ ಊರಿಗೆ ವಾಪಸಾದವನು. ಹೆಚ್ಚಾಗಿ ನೋಡೋದು ಒಸಿಡಿ, ಅಂದರೆ ಗೀಳು ರೋಗ. ಮಾತ್ರೆ ಹೆಸರು, ಡೋಸು ಇಲ್ಲಿ ಬರೆಯಲ್ಲ. ಬೇರೆ ಏನು ಬೇಕಾದರೂ ಕೇಳಿ.

ಬೇಲೂರಿಂದ ಒಬ್ಬರು: ಡಾಕ್ಟ್ರೇ, ನಮ್ಮ ಯಜಮಾನ್ರು ರಾತ್ರಿ ಮಲಗೋಕೆ ಮುಂಚೆ ಗ್ಯಾಸ್ ಆಫ್ ಮಾಡಿದ್ದೀಯಾ ಅಂತ ಹತ್ತು ಸಲ ಕೇಳ್ತಾರೆ. ಹೂಂ ಅಂತೀನಿ. ಎದ್ದು ಹೋಗಿ ತಾವೇ ನೋಡಿ ಬಂದು ಮತ್ತೆ ಕೇಳ್ತಾರೆ. ಇದು ರೋಗಾನಾ, ಸ್ವಭಾವಾನಾ?

ಡಾಕ್ಟರ್: ಒಂದು ಸಲ ನೋಡಿ ಮಲಗಿದರೆ ಅದು ಜಾಗ್ರತೆ. ಇವರದ್ದು ಹಾಗಲ್ಲ. ಕಣ್ಣು ನೋಡಿದೆ, ಕೈ ಮುಟ್ಟಿದೆ, ಮನಸ್ಸು ಮಾತ್ರ ಒಪ್ಪಿಲ್ಲ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಇದಕ್ಕೇ ಹೋಗ್ತಿದ್ದರೆ, ನಿದ್ದೆ ಕೆಲಸ ಕೆಡ್ತಿದ್ದರೆ ತೋರಿಸಲೇಬೇಕು.

ಇನ್ನೊಂದು ವಿಷಯ, ಬೇಜಾರು ಮಾಡ್ಕೋಬೇಡಿ ತಾಯಿ. ನೀವು ಹೂಂ ಅಂದಾಗಲೆಲ್ಲ ಅವರಿಗೆ ಐದು ನಿಮಿಷ ನೆಮ್ಮದಿ. ಆ ನೆಮ್ಮದಿಯ ರುಚಿ ಸಿಕ್ಕಿದ್ದಕ್ಕೇ ಅನುಮಾನ ತಿರುಗಿ ಬರೋದು. ಪ್ರೀತಿಯಿಂದ ಕೊಡೋ ಉತ್ತರವನ್ನೇ ಈ ರೋಗ ತಿಂದು ಬೆಳೆಯುತ್ತೆ. ಹಾಗಂತ ಇವತ್ತು ರಾತ್ರಿಯೇ ಬಾಯಿ ಮುಚ್ಚಿಕೊಂಡರೆ ಮನೆಯಲ್ಲಿ ಜಗಳ ಆಗುತ್ತೆ. ಇಬ್ಬರೂ ಕೂತು ಮೊದಲೇ ಒಪ್ಪಂದ ಮಾಡ್ಕೋಬೇಕು: ಒಂದು ಸಲ ಹೇಳ್ತೀನಿ, ಎರಡನೇ ಸಲಕ್ಕೆ ಉತ್ತರ ಇಲ್ಲ ಅಂತ.

ಹಾಸನದ ಪಿಯು ಉಪನ್ಯಾಸಕರು: ಸಾರ್, ಇಷ್ಟೊಂದು ಮಾನಸಿಕ ಕಾಯಿಲೆ ಇರುವಾಗ ಇದನ್ನೇ ಯಾಕೆ ಹಿಡಿದಿರಿ?

ಡಾಕ್ಟರ್: ಒಬ್ಬ ಜೀಪ್ ಡ್ರೈವರಿಂದ. ಹಾಸನದಿಂದ ಸಕಲೇಶಪುರ 40 ಕಿಲೋಮೀಟರ್ ಆಸುಪಾಸು, ಅವನಿಗೆ ನಾಲ್ಕು ಗಂಟೆ ಬೇಕಾಗ್ತಿತ್ತು. ಹಂಪ್ಸ್ ಮೇಲೆ ಗಾಡಿ ಎಗರಿತೋ, ಯಾರ ಮೇಲಾದರೂ ಹತ್ತಿಸಿಬಿಟ್ಟೆನಾ ಅಂತ ಶುರು. ತಿರುಗಿಸ್ಕೊಂಡು ಹೋಗಿ, ಇಳಿದು, ಚರಂಡಿಯೊಳಗೂ ಇಣುಕಿ ನೋಡಬೇಕು. "ಯಾರೂ ಬಿದ್ದಿಲ್ಲ ಅಂತ ನಂಗೂ ಗೊತ್ತು ಸಾರ್, ಆದರೂ ಬಿಡೋಕಾಗ್ತಿಲ್ಲ" ಅಂತಿದ್ದ. ಗೊತ್ತಿದ್ದೂ ಬಿಡಲಾಗದ ಆ ಸಂಕಟ ನನ್ನನ್ನ ಹಿಡಿದುಕೊಂಡುಬಿಡ್ತು.

ಚಿಕಿತ್ಸೆಗೆ ಅವನ ಪಕ್ಕದ ಸೀಟಲ್ಲೇ ಕೂತು ಹೋದೆ. ಬಾಳ್ಳುಪೇಟೆ ಹತ್ತಿರ ಹಂಪ್ಸ್ ಬಂತು, ದಡ್ ಅಂತು. ಸ್ಟಿಯರಿಂಗ್ ಹಿಡಿದ ಬೆರಳೆಲ್ಲ ಬೆಳ್ಳಗಾದವು. "ಏನೂ ಆಗಿಲ್ಲ ಅಲ್ವಾ ಸಾರ್?" ಅಂದ. ನಾನು ಮಾತಾಡಲಿಲ್ಲ. ಅಯ್ಯೋ ಪಾಪ, ಹೇಳಿಬಿಡೋಣ ಅನಿಸಿತ್ತು, ಸುಳ್ಳು ಹೇಳಲ್ಲ. ಸಕಲೇಶಪುರದ ಸೇತುವೆ ಬರೋ ಹೊತ್ತಿಗೆ ಅವನ ಉಸಿರಾಟ ತಾನಾಗೇ ತಹಬದಿಗೆ ಬಂದಿತ್ತು. ಭಯಕ್ಕೆ ಎದುರಾಗೋದು, ಆದರೆ ಗೀಳಿನ ಕೆಲಸ ಮಾಡದೇ ಇರೋದು: ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ ದಾರಿ ಇದು. ಇವತ್ತಿಗೂ ಇದಕ್ಕಿಂತ ಗಟ್ಟಿಯಾದ ಮಾತಿನ ಚಿಕಿತ್ಸೆ ನಾನು ಕಂಡಿಲ್ಲ.

ಅರಸೀಕೆರೆ ಸೊಸೆ: ನಮ್ಮತ್ತೆ ಮಡಿ ಮಡಿ ಅಂತ ದಿನವೆಲ್ಲ ನೀರಲ್ಲೇ ಇರ್ತಾರೆ. ಇದೂ ಒಸಿಡಿನೇ ತಾನೇ? 😀

ಡಾಕ್ಟರ್: ಅತ್ತೆ ಮೇಲಿನ ಸಿಟ್ಟಿಗೆ ನನ್ನ ಕೈಲಿ ಸರ್ಟಿಫಿಕೇಟ್ ಬರೆಸಬೇಡಿ! ಮಡಿಗೆ ಒಂದು ಕೊನೆ ಇದೆ. ಮಿಂದು, ಮಡಿಬಟ್ಟೆ ಉಟ್ಟು, ನೈವೇದ್ಯ ಮಾಡಿದರೆ ಮುಗೀತು, ಮನಸ್ಸಿಗೆ ಸಮಾಧಾನ. ಗೀಳಿಗೆ ಕೊನೆಯೇ ಇಲ್ಲ. ಮಿಂದು ಬಂದವರು ಬಚ್ಚಲ ಬಾಗಿಲು ತಾಕಿತೇನೋ ಅಂತ ಮತ್ತೆ ಒಳಗೆ ಹೋಗ್ತಾರೆ, ಮಾಡಬೇಕಾದ ಪೂಜೆಯೇ ತಪ್ಪಿಹೋಗುತ್ತೆ. ಅತ್ತೆ ಅಳ್ತಾ ಸ್ನಾನ ಮಾಡ್ತಿದ್ದರೆ ಕರ್ಕೊಂಡು ಬನ್ನಿ.

ಒಬ್ಬ ವೈದ್ಯ ವಿದ್ಯಾರ್ಥಿ: ಸಂಶೋಧನೆ ಅಂದರೆ ಏನು ಮಾಡಿದ್ರಿ ಸಾರ್?

ಡಾಕ್ಟರ್: ಮುಕ್ಕಾಲು ಪಾಲು ಫಾರಂ ತುಂಬಿಸಿದ್ದು ಕಣಪ್ಪಾ. ಗೀಳು ಎಷ್ಟು ತೀವ್ರ ಅಂತ ಅಳೆಯೋ ಯೇಲ್-ಬ್ರೌನ್ ಮಾಪಕ ಅಂತ 1989ರಲ್ಲಿ ಬಂತು, ಹತ್ತು ಅಂಶ, 40 ಅಂಕ. ಇಲ್ಲಿ ಮಾರ್ಕ್ಸ್ ಜಾಸ್ತಿ ಬಂದವನೇ ಕಷ್ಟದಲ್ಲಿರೋನು. ಅಂಕ ಶೇ. 35ರಷ್ಟು ಇಳಿದರೆ ಚಿಕಿತ್ಸೆ ಹಿಡಿದಿದೆ ಅಂತ ಸಾಮಾನ್ಯ ಲೆಕ್ಕ. 2013ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಯ ಪುಸ್ತಕ ಡಿಎಸ್‌ಎಂ-5 ಒಸಿಡಿಯನ್ನು ಆತಂಕದ ಕಾಯಿಲೆಗಳಿಂದ ಬಿಡಿಸಿ ಬೇರೆ ಅಧ್ಯಾಯ ಮಾಡ್ತು. ಕೂದಲು ಕಿತ್ತುಕೊಳ್ಳೋದು, ಚರ್ಮ ಕೆರೆದುಕೊಳ್ಳೋದು, ಹಳೇ ಸಾಮಾನು ಬಿಸಾಡಲಾಗದೆ ಗುಡ್ಡೆ ಹಾಕೋದು, ಇಲ್ಲದ ಕುರೂಪ ಕನ್ನಡಿಯಲ್ಲಿ ಕಾಣೋದು, ಎಲ್ಲ ಅಲ್ಲಿ ಅಕ್ಕಪಕ್ಕದ ಮನೆಯವರು. ಆದರೆ ಎಲ್ಲಕ್ಕೂ ಮದ್ದು ಒಂದೇ ಅಲ್ಲ. ಕೂದಲು ಕೀಳೋ ಹುಡುಗಿಗೆ, ಕೈ ತಲೆಗೆ ಹೋಗೋ ಕ್ಷಣ ಗುರುತಿಸಿ ಮುಷ್ಟಿ ಬಿಗಿ ಹಿಡಿಯೋದನ್ನ ಕಲಿಸ್ತೀವಿ.

ಅಡ್ಮಿನ್ (ಹೆಸರು ಬೇಡ ಎಂದವರ ಪರವಾಗಿ): "ಹಾಸನಾಂಬೆ ಬಾಗಿಲು ತೆಗೆಯೋದೇ ವರ್ಷಕ್ಕೊಂದು ಸಲ. ಕ್ಯೂನಲ್ಲಿ ನಿಂತರೆ ಅಮ್ಮನ ಬಗ್ಗೆಯೇ ಹೊಲಸು ಯೋಚನೆ ಬರುತ್ತೆ. ಮೂರು ವರ್ಷದಿಂದ ಹೋಗಿಲ್ಲ. ನಾನು ಪಾಪಿನಾ?"

ಡಾಕ್ಟರ್: ಅಲ್ಲಮ್ಮ. ಕೆಟ್ಟ ಯೋಚನೆ ಎಲ್ಲರ ತಲೆಯಲ್ಲೂ ಹಾದುಹೋಗುತ್ತೆ. ಉಳಿದವರು ಥೂ ಅಂದು ಮುಂದೆ ಹೋಗ್ತಾರೆ, ನೀವು ಅದನ್ನ ಹಿಡಿದು ವಿಚಾರಣೆಗೆ ಕೂರಿಸ್ತೀರಿ. ನಿಮಗೆ ಅಮ್ಮನ ಮೇಲೆ ಭಕ್ತಿ ಇರೋದಕ್ಕೇ ಗೀಳು ಅಲ್ಲೇ ಚುಚ್ಚೋದು. ಹಸುಗೂಸಿನ ತಾಯಿಗೆ ಈಳಿಗೆಮಣೆ ಕಂಡರೆ ಮಗೂಗೆ ಏನು ಮಾಡಿಬಿಡ್ತೀನೋ ಅನಿಸುತ್ತಲ್ಲ, ಅದೂ ಇದೇ ಜಾತಿ. ತಪ್ಪು ಕಾಣಿಕೆ ಕಟ್ಟೋದು, ನೂರೆಂಟು ಸಲ ಕ್ಷಮೆ ಕೇಳೋದು ನಿಲ್ಲಿಸಿ. ಈ ಸಲ ಯೋಚನೆ ಬಂದರೆ ಬರಲಿ, ಅದನ್ನ ಜೊತೆಗಿಟ್ಟುಕೊಂಡೇ ಕ್ಯೂನಲ್ಲಿ ನಿಲ್ಲಿ. ಒಬ್ಬರೇ ಆಗಲ್ಲ ಅನಿಸಿದರೆ ಮುಂಚೆ ಬಂದು ನನ್ನನ್ನ ಕಾಣಿ.

ಮೂಡಿಗೆರೆಯಿಂದ: ಮಾತ್ರೆ ಜೀವನಪೂರ್ತಿನಾ? ದೂರದವರು ಏನು ಮಾಡೋದು?

ಡಾಕ್ಟರ್: ಎಲ್ಲರಿಗೂ ಜೀವನಪೂರ್ತಿ ಬೇಕಾಗಲ್ಲ. ಆದರೆ ಹಿಡಿಯೋಕೆ 8ರಿಂದ 12 ವಾರ ಬೇಕು. ಹದಿನೈದು ದಿನಕ್ಕೆ "ಏನೂ ಆಗಲಿಲ್ಲ" ಅಂತ ಬಿಟ್ಟವರೇ ಜಾಸ್ತಿ. ಹುಷಾರಾದ ಮೇಲೂ ಒಂದೆರಡು ವರ್ಷ ಮುಂದುವರಿಸಿ, ನಿಧಾನವಾಗಿ ಇಳಿಸ್ತೀವಿ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿಯೂ ಸಿಗುತ್ತೆ.

ಬೇಲೂರಿಂದ ಒಬ್ಬರು: ಡಾಕ್ಟ್ರೇ, ನಿಮ್ಮ ಉತ್ತರ ಯಜಮಾನ್ರಿಗೆ ಓದಿ ಹೇಳಿದೆ. "ಡಾಕ್ಟ್ರು ನಿಜವಾಗ್ಲೂ ಹಂಗೇ ಅಂದ್ರಾ, ಇನ್ನೊಂದ್ಸಲ ಕೇಳು" ಅಂತಿದ್ದಾರೆ.

ಡಾಕ್ಟರ್: ಅದಕ್ಕೆ ಉತ್ತರ ಇಲ್ಲ ತಾಯಿ. ಗುರುವಾರ ಇಬ್ಬರೂ ಬನ್ನಿ.