ನಿಮ್ಮ ಮನೆಯ ‘ಜೋಜೋ ಹಾಡು’ ಯಾವುದು?

ಹೊಳೆನರಸೀಪುರದ ಹುಡುಗಿ, ರೆಡಿಂಗ್:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರು ತಿಂಗಳು ತುಂಬಿತು. ಮುಂದಿನ ತಿಂಗಳ ಎರಡನೇ ಭಾನುವಾರ ತೊಟ್ಟಿಲಿಗೆ ಹಾಕುವುದು ಅಂತ ನಿಶ್ಚಯ ಮಾಡಿದ್ದೇವೆ. ಅಮ್ಮನಿಗೆ ಬರಲು ಆಗುತ್ತಿಲ್ಲ. ಅತ್ತೆಗೆ ಮಂಡಿ ನೋವು. ಇಬ್ಬರೂ ಫೋನಿನಲ್ಲೇ ನೋಡಬೇಕು.

ಅಮ್ಮ ಹೇಳಿದ್ದು ಒಂದೇ ಮಾತು. “ಏನು ಬಿಟ್ಟರೂ ಜೋಜೋ ಹಾಡು ಮಾತ್ರ ಬಿಡಬೇಡ.” ಕೊಪ್ಪದಿಂದ ಅತ್ತೆಯೂ ಅದನ್ನೇ ಹೇಳಿದರು. ಇಬ್ಬರಿಗೂ ಹೂಂ ಅಂದಿದ್ದೆ. ಮೊನ್ನೆ ಇಬ್ಬರನ್ನೂ ಒಂದೇ ವಿಡಿಯೋ ಕಾಲ್‌ಗೆ ಸೇರಿಸಿ, “ಸರಿ, ಹಾಡಿ, ಕಲಿತುಕೊಳ್ಳುತ್ತೇನೆ” ಅಂದೆ. ಅಮ್ಮ “ಯಾಕಳುವೆ ಎಲೆ ರಂಗ ಬೇಕಾದ್ದು ನಿನಗೀವೆ” ಅಂತ ಎತ್ತಿಕೊಂಡರು. ಅತ್ತೆ “ಜೋ ಜೋ ಶ್ರೀಕೃಷ್ಣ ಪರಮಾನಂದ” ಅಂತ ಶುರು ಮಾಡಿದರು. ಒಂದು ಸಾಲು ಆಗುವಷ್ಟರಲ್ಲಿ ಇಬ್ಬರೂ ನಿಲ್ಲಿಸಿಬಿಟ್ಟರು. ಅತ್ತೆ, “ಬೀಗಿತ್ತಿಯವರೇ ಮೊದಲು ಹಾಡಲಿ” ಅಂದರು. ಅಮ್ಮ, “ಇಲ್ಲ ಇಲ್ಲ, ಮಗು ನಿಮ್ಮ ಮನೆಯದು, ನಿಮ್ಮ ಹಾಡೇ ಆಗಲಿ” ಅಂದರು. ಕೊನೆಗೆ ಇಬ್ಬರೂ ಹಾಡಲಿಲ್ಲ.

ಇದು ಸಣ್ಣ ವಿಷಯ ಅನಿಸಬಹುದು. ನನಗೆ ಮಾತ್ರ ಮನಸ್ಸಿಗೆ ಸಮಾಧಾನ ಇಲ್ಲ. ಐದು ವರ್ಷದ ಮಗನಿಗೆ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಅವನಿಗೆ ಯಾವ ಜೋಜೋನೂ ಹಾಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಮಳೆ ಸದ್ದು ಹಾಕಿ ಮಲಗಿಸುತ್ತಿದ್ದೆ. ಈಗ ಮಗಳಿಗೆ ಯಾವುದು ಹಾಡುತ್ತೇನೋ ಅದೇ ಈ ಮನೆಯಲ್ಲಿ ಉಳಿಯುತ್ತದೆ, ಅಲ್ವಾ? ನಿಮ್ಮ ಮನೆಯಲ್ಲಿ ಯಾವ ಜೋಜೋ? ಎರಡರಲ್ಲಿ ಯಾವುದು ಮೇಲು? ನನ್ನದು ಹಾಡುವ ಗಂಟಲಲ್ಲ, ಅದನ್ನೂ ನೋಡಿಕೊಂಡು ಹೇಳಿ.

ಬೇಲೂರಿನ ಅಕ್ಕ, ಡಬ್ಲಿನ್:

ತುಂಬಾ ಸಂತೋಷ ತಂಗಿ. ಎರಡೂ ಹಾಡು. ಪೂರ್ತಿ ಬೇಡ. ನಿನ್ನ ಅತ್ತೆಯದು ಪುರಂದರದಾಸರ ಪದ, ಅದರಲ್ಲಿ ಪಲ್ಲವಿ, ಒಂದು ಚರಣ. ಅಮ್ಮನದು ಜನಪದ, ಅದರಲ್ಲಿ ಎರಡು ತ್ರಿಪದಿ. ಅಷ್ಟು ಹೊತ್ತಿಗೆ ಮಗು ಅಳುವುದಕ್ಕೆ ಶುರು ಮಾಡಿರುತ್ತದೆ.

ಒಂದು ಮಾತು ಮರೆಯಬೇಡ. ವಿಡಿಯೋ ಕಾಲ್‌ನಲ್ಲಿ ಅಲ್ಲಿಯವರು ಇಲ್ಲಿಯವರು ಸೇರಿ ಹಾಡಲು ಆಗುವುದಿಲ್ಲ. ದನಿ ಸ್ವಲ್ಪ ತಡವಾಗಿ ಬರುತ್ತದೆ, ತಾಳ ಕೂಡುವುದಿಲ್ಲ. ನಮ್ಮ ಮಗನ ತೊಟ್ಟಿಲಿನಲ್ಲಿ ಹಾಗೇ ಆಗಿ ಅಮ್ಮ ಮಧ್ಯದಲ್ಲೇ ನಿಲ್ಲಿಸಿದರು. ಆ ಮುಖ ಇನ್ನೂ ಮರೆತಿಲ್ಲ. ಇಬ್ಬರ ಹಾಡನ್ನೂ ಈಗಲೇ ವಾಟ್ಸಾಪ್‌ನಲ್ಲಿ ರೆಕಾರ್ಡ್ ಮಾಡಿಸಿಕೊ. ಆ ದಿನ ಸ್ಪೀಕರಿನಲ್ಲಿ ಹಾಕು, ಬಂದವರೆಲ್ಲ “ಜೋ ಜೋ” ಅನ್ನುವಾಗ ದನಿ ಸೇರಿಸಲಿ. ಫೋನನ್ನು ತೊಟ್ಟಿಲಿನ ಕಾಲ ಕಡೆ ಇಡು. ಮಗುವಿನ ಮುಖ ಇಬ್ಬರು ಅಜ್ಜಿಯರಿಗೂ ಕಾಣಬೇಕು.

ಅರಸೀಕೆರೆ ಅಣ್ಣ, ನ್ಯೂಜೆರ್ಸಿ:

ಎರಡೂ ಅಂದುಬಿಟ್ಟರೆ ಉತ್ತರ ಆಗಲಿಲ್ಲ. ಅವರು ಕೇಳಿದ್ದು ಯಾವುದು ಮೇಲು ಅಂತ. ನಾನು ಹೇಳುತ್ತೇನೆ. ಮೊದಲು ಜನಪದದ ಜೋಜೋ. ಆಮೇಲೆ “ತೂಗಿರೆ ರಂಗನ ತೂಗಿರೆ ಕೃಷ್ಣನ”. ಅದಾದ ಮೇಲೆ “ಜೋ ಜೋ ಶ್ರೀಕೃಷ್ಣ”.

ಕಾರಣ ಇದೆ. ದಾಸರ ಪದದ ತಾಯಿ ಏನು ಕೇಳುತ್ತಾಳೆ ನೋಡಿ. ನಿನ್ನನ್ನು ಎತ್ತಿಕೊಂಡೇ ಇದ್ದರೆ ಮನೆಕೆಲಸ ಮಾಡುವವರು ಯಾರು, ಬೇಗ ನಿದ್ದೆ ಮಾಡು ಅನ್ನುತ್ತಾಳೆ. ಜನಪದದ ತಾಯಿ “ಅತ್ತರೆ ಅಳಲವ್ವ ಈ ಕೂಸು ನನಗಿರಲಿ, ಕೆಟ್ಟರೆ ಕೆಡಲಿ ಮನೆಗೆಲಸ” ಅನ್ನುತ್ತಾಳೆ. ಎರಡಕ್ಕೂ ಜೋಜೋ ಅಂತಲೇ ಹೆಸರು. ಎರಡರಲ್ಲೂ ಅದೇ ಕೂಸು, ಅದೇ ಮನೆಗೆಲಸ. ಒಬ್ಬಳು ಮಗುವನ್ನು ಕೆಳಗಿಡುತ್ತಾಳೆ, ಇನ್ನೊಬ್ಬಳು ಕೆಲಸವನ್ನು ಕೆಳಗಿಡುತ್ತಾಳೆ. ನಮ್ಮಮ್ಮ ಹೊಲದಲ್ಲಿ ಹೊಂಗೆ ಮರಕ್ಕೆ ಸೀರೆ ಜೋಲಿ ಕಟ್ಟಿ, ನಾನು ಅತ್ತರೆ ಕುಡುಗೋಲು ಬಿಟ್ಟು ಓಡಿ ಬರುತ್ತಿದ್ದರಂತೆ. ನನಗೆ ಆ ಹಾಡೇ ತಾಯಿ.

ಆದರೆ ಹಾಡೆಲ್ಲ ಆಮೇಲೆ. ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ ಅಂದಿರಿ. ಮೂಲ ಸಮಸ್ಯೆ ಅದು. ಇವತ್ತಿನಿಂದಲೇ ಇಂಗ್ಲಿಷಿನಲ್ಲಿ ಕೇಳಿದರೆ ಏನೂ ಕೊಡಬೇಡಿ, ನೀರು ಕೂಡ. ನಮ್ಮ ಮನೆಯಲ್ಲಿ 22 ವರ್ಷದಿಂದ ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ ಮಾತ್ರ. ನನ್ನ ಇಬ್ಬರು ಮಕ್ಕಳೂ ಊರಿಗೆ ಹೋದರೆ ಸಂತೆಯಲ್ಲಿ ಚೌಕಾಸಿ ಮಾಡಿ ಬರುತ್ತಾರೆ.

ಚಿಕ್ಕಮಗಳೂರು ಕೋಟೆ, ಸಿಂಗಾಪುರ:

ಅಣ್ಣಾ, ದಾಸರ ಪದವನ್ನು ಒಂದೇ ಚರಣದಿಂದ ಅಳೆಯಬೇಡಿ. ಅದೇ ಹಾಡಿನಲ್ಲಿ “ಯಾರ ಕಂದ ನೀನಾರ ನಿಧಾನಿ” ಅಂತ ಬರುತ್ತದೆ. ಯಾರ ಮಗು ನೀನು, ಯಾರ ರತ್ನ, ಯಾರ ಮಾಣಿಕ್ಯ, ನನ್ನ ಕೈಗೆ ಬಂದು ಸೇರಿದೆಯಲ್ಲ ಅಂತ. ಮಗಳು ಹುಟ್ಟಿದ ರಾತ್ರಿ ಆಸ್ಪತ್ರೆಯಲ್ಲಿ ನನ್ನ ಬಾಯಿಗೆ ಬಂದಿದ್ದು ಇದೊಂದೇ ಸಾಲು. ನರ್ಸ್ ಏನು ಹಾಡುತ್ತಿದ್ದೀರಿ ಅಂತ ಕೇಳಿದರು. ಅರ್ಥ ಹೇಳುವುದಕ್ಕೆ ಹೋಗಿ ಅತ್ತುಬಿಟ್ಟೆ.

ಪುರಂದರದಾಸರ ಕಾಲ 1484ರಿಂದ 1564. ಅಷ್ಟು ವರ್ಷದಿಂದ ತಾಯಂದಿರ ಬಾಯಲ್ಲೇ ಉಳಿದು ಬಂದಿದೆ. ಹಾಲ್ಗಡಲಲ್ಲಿ ಮಲಗಿದವನೇ ಅಂತ ಹಾಡಿ, ಅದೇ ಉಸಿರಿನಲ್ಲಿ ಮನೆಕೆಲಸ ನೆನೆಸಿಕೊಳ್ಳುವವಳು ನಿಜವಾದ ಹೆಂಗಸು. ನನಗೆ ಇದೇ ಮೊದಲು.

ಮತ್ತೆ “ತೂಗಿರೆ” ಅಂದಿರಲ್ಲ, ಅದರಲ್ಲೂ ಬೇರೆ ಬೇರೆ ಇವೆ. ನಮ್ಮ ಮನೆಯಲ್ಲಿ ತೂಗಿರೆ ಅಂದರೆ “ತೂಗಿರೆ ರಾಯರ ತೂಗಿರೆ ಗುರುಗಳ”, ರಾಘವೇಂದ್ರ ಸ್ವಾಮಿಗಳ ಮೇಲಿನದು. ನಿಮ್ಮ ಮನೆಯಲ್ಲಿ ರಂಗ. ಯಾವ ತೂಗಿರೆ ಅಂತ ಕೇಳದೆ ನಂಬರ್ ಕೊಡಬಾರದು.

ಸಕಲೇಶಪುರದವಳು, ಮೆಲ್ಬರ್ನ್:

ನಮ್ಮ ಯಜಮಾನರು ತೆಲುಗಿನವರು. ನಾನು ಜೋಜೋ ಶುರು ಮಾಡಿದರೆ ಅತ್ತೆ “ಜೋ ಅಚ್ಯುತಾನಂದ ಜೋ ಜೋ ಮುಕುಂದ” ಅಂತ ಮುಂದುವರಿಸುತ್ತಿದ್ದರು. ಅನ್ನಮಾಚಾರ್ಯರದು. ಅವರು 1503ರಲ್ಲಿ ತೀರಿಕೊಂಡಾಗ ಪುರಂದರದಾಸರಿಗೆ ಇನ್ನೂ 19 ವರ್ಷ. ಎರಡರಲ್ಲೂ ಜೋಜೋ, ಎರಡರಲ್ಲೂ ಮುಕುಂದ. ನಮ್ಮ ಮಗ ಎರಡೂ ಒಂದೇ ಹಾಡು ಅಂತ ತುಂಬಾ ದಿನ ತಿಳಿದುಕೊಂಡಿದ್ದ. ಚೆನ್ನಾಗಿ ನಿದ್ದೆ ಮಾಡುತ್ತಿದ್ದ.

ಮೂಡಿಗೆರೆ ಘಾಟಿ, ಲೀಡ್ಸ್:

ತಂಗಿ, ಅರಸೀಕೆರೆ ಅಣ್ಣ ಹೇಳಿದ ಹಾಗೆ ನೀರು ಕೊಡದೆ ಇರಬೇಡಿ. ನಮ್ಮ ಮಗಳಿಗೆ ಮೂರು ವರ್ಷ ಆದಾಗ ನರ್ಸರಿಯಲ್ಲಿ ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅಂದರು. ಕೇಳಿದೆವು. ಎರಡು ವರ್ಷ ಕಳೆದ ಮೇಲೆ ಗಾಬರಿಯಾಗಿ ಒಂದೇ ಸಲ ಕನ್ನಡ ಮಾತ್ರ ಅಂತ ಹಟ ಹಿಡಿದೆವು. ಅವಳು ನಮ್ಮ ಹತ್ತಿರ ಮಾತು ಕಡಿಮೆ ಮಾಡಿದಳು. ಶಾಲೆಯಲ್ಲಿ ಏನಾಯಿತು ಅಂತ ಹೇಳುವುದನ್ನೇ ಬಿಟ್ಟಳು. ಕೊನೆಗೆ ದಾರಿ ಆಗಿದ್ದು ರಾತ್ರಿ ಹತ್ತು ನಿಮಿಷದ ಕಥೆ. ಅವಳು ಯಾವ ಭಾಷೆಯಲ್ಲಿ ಕೇಳಿದರೂ ನಾನು ಕನ್ನಡದಲ್ಲೇ ಹೇಳುತ್ತಿದ್ದೆ.

ಅರಸೀಕೆರೆ ಅಣ್ಣ, ನ್ಯೂಜೆರ್ಸಿ:

ಹತ್ತು ನಿಮಿಷದ ಕಥೆಯಿಂದ ಭಾಷೆ ಉಳಿಯುವುದಿಲ್ಲ. ಕಟ್ಟುನಿಟ್ಟು ಬೇಕು. ಐದು ವರ್ಷ ದಾಟಿದರೆ ಕಷ್ಟ, ಹತ್ತು ದಾಟಿದರೆ ಆಸೆ ಬಿಡಿ. ಆಗದಿದ್ದರೆ ಮಗನನ್ನು ಒಂದು ವರ್ಷ ಹೊಳೆನರಸೀಪುರದಲ್ಲಿ ಅಜ್ಜಿ ಹತ್ತಿರ ಬಿಡಿ. ಹೇಮಾವತಿ ನೀರು ಕುಡಿದರೆ ತಾನೇ ಬರುತ್ತದೆ. ಹಾಡಿನ ವಿಷಯದಲ್ಲೂ ನನ್ನ ಮಾತು ಬದಲಾಗುವುದಿಲ್ಲ. ಜನಪದ ನಮ್ಮ ಹಾಸನದ ಮಣ್ಣಿನದು.

ಮೂಡಿಗೆರೆ ಘಾಟಿ, ಲೀಡ್ಸ್:

ಐದು ವರ್ಷದ ಮಗುವನ್ನು ತಾಯಿಯಿಂದ ಬೇರೆ ಮಾಡಿ ಕಲಿಸುವ ಕನ್ನಡ ಬೇಡ ಅಣ್ಣ.

ಚನ್ನರಾಯಪಟ್ಟಣ, ದುಬೈ:

ಒಂದು ತಿದ್ದುಪಡಿ. ಇಂಥ ತ್ರಿಪದಿಗಳು ಬರೀ ಹಾಸನದವಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅನ್ನುವ ಜನಪದ ಹಾಡುಗಳ ಪುಸ್ತಕ ತಂದರು. ಅದರ ತುಂಬ ಹೆಣ್ಣುಮಕ್ಕಳ ತ್ರಿಪದಿಗಳೇ. ನಮ್ಮ ಕಡೆ ಹಳ್ಳಿ ಹಾಡುಗಳನ್ನು ಸಂಗ್ರಹಿಸಿದವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ಆ ಕಡೆ ‘ಹಂಗ’ ಅಂತಾರೆ, ಈ ಕಡೆ ‘ಹಂಗೆ’. ಬೀಸುವ ಕಲ್ಲು ಎಲ್ಲಿದೆಯೋ ಅಲ್ಲೆಲ್ಲ ಈ ಹಾಡು ಇದೆ.

ಕಡೂರು, ಟೊರಾಂಟೊ:

ತಂಗಿ, ಯಾವುದು ಮೇಲು ಅಂತ ಹೇಳಲು ನನಗೆ ಬರುವುದಿಲ್ಲ. ನನ್ನ ಕಥೆ ಹೇಳುತ್ತೇನೆ. ಅಕ್ಕನ ಮಗುವಿನ ತೊಟ್ಟಿಲಿನ ದಿನ ನಮ್ಮಮ್ಮ ಹಾಡಿದ್ದನ್ನು ಭಾವ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ನಾನು ಇಲ್ಲಿಗೆ ಬರುವಾಗ ಅದನ್ನು ತಂದೆ. ಸೂಟ್‌ಕೇಸಿನಿಂದ ತೆಗೆದು ಬೇಸ್‌ಮೆಂಟಿನ ಡಬ್ಬದಲ್ಲಿ ಇಟ್ಟೆ. ನಾಳೆ ಕೇಳೋಣ, ನಾಡಿದ್ದು ಕೇಳೋಣ ಅಂತ ವರ್ಷಗಳು ಹೋದವು. ಅಮ್ಮ ಹೋದ ಮೇಲೆ ತೆಗೆದು ನೋಡಿದರೆ ಟೇಪು ಬೂಷ್ಟು ಹಿಡಿದು ಅಂಟಿಕೊಂಡಿತ್ತು. ಪೆನ್ಸಿಲ್ ಹಾಕಿ ಮೆಲ್ಲಗೆ ತಿರುಗಿಸಿದೆ, ತುಂಡಾಯಿತು.

ನನಗೆ ನೆನಪಿರುವುದು “ಆಡಿ ಬಾ ನನ ಕಂದ ಅಂಗಾಲ ತೊಳೆದೇನ, ತೆಂಗಿನ ಕಾಯಿ ತಿಳಿನೀರ” ಇಷ್ಟೇ. ಆಡಿ ಬಂದ ಮಗುವಿನ ಕಾಲನ್ನು ಎಳನೀರಿನಲ್ಲಿ ತೊಳೆಯುತ್ತೇನೆ ಅನ್ನುವ ಹಾಡು. ನಮ್ಮ ತೋಟದಲ್ಲಿ ಅಮ್ಮ ನಿಜವಾಗಿಯೂ ಹಾಗೆ ಒಂದು ಸಲ ತೊಳೆದಿದ್ದರು, ಕೆರೆ ಕೆಸರು ಮೆತ್ತಿಕೊಂಡು ಬಂದಿದ್ದೆ. ಮಗನಿಗೆ ಈಗ 19. ಹೋದ ತಿಂಗಳು “ಅಜ್ಜಿ ಏನು ಹಾಡುತ್ತಿದ್ದರು” ಅಂತ ಕೇಳಿದ. ಒಂದೂವರೆ ಸಾಲು ಹೇಳಿ ಸುಮ್ಮನಾದೆ. ಇವತ್ತೇ ರೆಕಾರ್ಡ್ ಮಾಡಿಸಿ. ಎರಡು ಕಡೆ ಉಳಿಸಿಡಿ.

ರುದ್ರಪಟ್ಟಣ, ಸಿಯಾಟಲ್:

ನಮ್ಮದು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರು ಹುಟ್ಟಿದ ಊರು. ಇಲ್ಲಿ ಶನಿವಾರ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ. ಹಾಡುವ ಗಂಟಲಲ್ಲ ಅಂದರಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಹೊಸಬರಿಗೆ ತ್ರಿಪದಿ ಸುಲಭ. ಮೂರೇ ಸಾಲು, ಕೆಲವೇ ಸ್ವರಗಳಲ್ಲಿ ಓಡಾಡುತ್ತದೆ. ನೀವು ಮಾತಾಡುವ ದನಿಯಲ್ಲೇ ಶ್ರುತಿ ಹಿಡಿಯಿರಿ, ಮೇಲೆ ಹೋಗಬೇಡಿ. ದಾಸರ ಪದಕ್ಕೆ ನಾಲ್ಕು ಸಾಲಿನ ಚರಣ, ಉಸಿರು ಜಾಸ್ತಿ ಬೇಕು. ಅದನ್ನು ಅತ್ತೆಯವರ ಧಾಟಿಯಲ್ಲೇ ಕಲಿಯಿರಿ. ಯೂಟ್ಯೂಬಿನ ಕಛೇರಿ ಧಾಟಿ ತೊಟ್ಟಿಲಿಗೆ ಬೇಡ, ಒಂದೇ ಸಾಲನ್ನು ಬೇರೆ ಬೇರೆ ರೀತಿ ತಿರುಗಿಸಿ ಹಾಡುವ ಸಂಗತಿಗಳು ತುಂಬಿ ಮಗು ಎಚ್ಚರವಾಗುತ್ತದೆ. ತೊಟ್ಟಿಲು ಹೋಗಿ ಬರುವುದೇ ತಾಳ. ಕೈ ತೂಗಿದ ಹಾಗೆ ಬಾಯಿ ಹಾಡಲಿ.

ಅರಸೀಕೆರೆ ಅಣ್ಣ, ನ್ಯೂಜೆರ್ಸಿ:

ಮೂಡಿಗೆರೆಯವರೇ, ನಾನು ತಾಯಿಯಿಂದ ಬೇರೆ ಮಾಡಿ ಅನ್ನಲಿಲ್ಲ. ಅಜ್ಜಿಯೂ ತಾಯಿಯೇ. ನನ್ನ ಮಾತು ಅರ್ಥ ಮಾಡಿಕೊಳ್ಳಿ. ನಾಳೆ ಆ ಹುಡುಗ ತಂಗಿಗೆ ಯಾವ ಭಾಷೆಯಲ್ಲಿ ಜೋಜೋ ಅನ್ನುತ್ತಾನೆ?

ಹೊಳೆನರಸೀಪುರದ ಹುಡುಗಿ, ರೆಡಿಂಗ್:

ಎಲ್ಲರ ಮಾತೂ ಓದಿದೆ. ಕಡೂರಿನ ಅಣ್ಣ ಬರೆದದ್ದು ಓದಿ ಆಗಲೇ ಫೋನ್ ಮಾಡಿದೆ, ಊರಿನಲ್ಲಿ ಬೆಳಗಿನ ಜಾವ ಆಗಿತ್ತು. ಎರಡೂ ರೆಕಾರ್ಡ್ ಬಂದಿವೆ. ಅತ್ತೆಯದರಲ್ಲಿ ಹಿಂದೆ ಹೆಂಚಿನ ಮೇಲೆ ಮಳೆ ಸುರಿಯುವುದು ಕೇಳುತ್ತದೆ. ಅಮ್ಮನದರಲ್ಲಿ ಕುಕ್ಕರ್ ಎರಡು ಸಲ ಕೂಗುತ್ತದೆ. ಅದನ್ನು ತೆಗೆಸಲಿಲ್ಲ.

ನಿನ್ನೆ ಅಮ್ಮನದು ಹಾಕಿದ್ದೆ. “ನಾಕೆಮ್ಮೆ ಕರೆದ ನೊರೆಹಾಲು” ಅಂತ ಬಂದಾಗ ಮಗ ಓಡಿ ಬಂದು ನಾಕೆಮ್ಮೆ ಅಂದರೇನು ಅಂತ ಕೇಳಿದ. ನಾಲ್ಕು ಎಮ್ಮೆ ಅಂದೆ. ಆಟದ ಡಬ್ಬ ತೆಗೆದು ನಾಲ್ಕು ಕಪ್ಪು ಇಟ್ಟಿಗೆ ಹುಡುಕಿ ತೊಟ್ಟಿಲಿನ ಜಾಗದಲ್ಲಿ ಸಾಲಾಗಿ ನಿಲ್ಲಿಸಿದ. ರಾತ್ರಿ ಮಲಗುವಾಗ “ನಾಕೆಮ್ಮೆ ಹಾಡು ಹಾಕು” ಅಂದ. ಕನ್ನಡದಲ್ಲೇ ಅಂದ. ಅತ್ತೆಯ ಹಾಡಿಗೆ ಅವನೇ “ಕೊಪ್ಪ ಅಜ್ಜಿ ಹಾಡು” ಅಂತ ಹೆಸರಿಟ್ಟಿದ್ದಾನೆ. ನಮ್ಮ ಮನೆಯಲ್ಲಿ ಈಗ ಅವೆರಡಕ್ಕೂ ಒಂದೇ ಹೆಸರಿಲ್ಲ. ತೊಟ್ಟಿಲಿನ ದಿನ ಮೊದಲು ನಾಕೆಮ್ಮೆ, ಆಮೇಲೆ ಕೊಪ್ಪ ಅಜ್ಜಿ. ಅತ್ತೆಯೇ ಆ ಕ್ರಮ ಹೇಳಿದರು.

ಇನ್ನೊಂದು ಸಹಾಯ ಬೇಕು. ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಇಡಬೇಕು ಅಂತಾರೆ. ಇಲ್ಲಿ ಎಲ್ಲಿ ತರಲಿ?

ಬೇಲೂರಿನ ಅಕ್ಕ, ಡಬ್ಲಿನ್:

ನಾವು ಶುಂಠಿ ಜಜ್ಜುವ ಕುಟ್ಟಾಣಿಯ ಕಲ್ಲನ್ನೇ ಇಟ್ಟೆವು. ಚೆನ್ನಾಗಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಿಳಿ ಬಟ್ಟೆ ಸುತ್ತು.

ಆಲೂರು, ಸ್ಲೌ:

ತೊಟ್ಟಿಲು ಇದೆಯಾ ತಂಗಿ? ನಮ್ಮ ಮನೆಯಲ್ಲಿ ಬಿಚ್ಚಿ ಜೋಡಿಸುವ ಮರದ ತೊಟ್ಟಿಲು ಇದೆ. ಶುಕ್ರವಾರ ಸಂಜೆ ತಂದು ಜೋಡಿಸಿಕೊಡುತ್ತೇನೆ. ಎಡಗಡೆ ಸರಪಳಿ ಕಿರ್ ಅನ್ನುತ್ತದೆ, ಎಣ್ಣೆ ಬಿಟ್ಟು ತರುತ್ತೇನೆ.