6,000 ರೂಪಾಯಿಯಲ್ಲಿ ಆನ್‌ಲೈನ್ ಕಥಾಸ್ಪರ್ಧೆ ನಡೆಸಬಹುದೇ?

ಪ್ರಶ್ನೆ (ಸಕಲೇಶಪುರದಿಂದ):
ನಮ್ಮದು ಸಕಲೇಶಪುರದ ಚಿಕ್ಕ ಓದುಗರ ಬಳಗ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹೊಸ ಬರಹಗಾರರಿಗಾಗಿ ಆನ್‌ಲೈನ್ ಸಣ್ಣಕಥಾ ಸ್ಪರ್ಧೆ ನಡೆಸಿ, ರಾಜ್ಯೋತ್ಸವದ ದಿನ ಫಲಿತಾಂಶ ಪ್ರಕಟಿಸಬೇಕೆಂದಿದ್ದೇವೆ. ಸದಸ್ಯರೆಲ್ಲ ಸೇರಿ ಹೊಂದಿಸಿರುವ ಹಣ 6,000 ರೂಪಾಯಿ. ಇಷ್ಟು ಕಡಿಮೆ ಬಹುಮಾನಕ್ಕೆ ಒಳ್ಳೆಯ ಕಥೆಗಳು ಬರುತ್ತವೆಯೇ, 50 ರೂಪಾಯಿ ಪ್ರವೇಶ ಶುಲ್ಕವಿಟ್ಟು ಮೊತ್ತ ಹೆಚ್ಚಿಸುವುದು ಸರಿಯೇ ಎಂಬ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮೂಡಿಗೆರೆಯಿಂದ):
ಮಾನ್ಯರೇ, ಶುಲ್ಕ ಖಂಡಿತ ಬೇಡ. 50 ರೂಪಾಯಿ ದೊಡ್ಡ ಮೊತ್ತವಲ್ಲವೆಂದು ನಮಗೆ ಅನ್ನಿಸಬಹುದು; ಆದರೆ ಪಿಯುಸಿ ಓದುವ ಹುಡುಗಿಯೊಬ್ಬಳು ತನ್ನ ಮೊದಲ ಕಥೆಯನ್ನು ಯಾರಿಗೂ ಹೇಳದೆ ಕಳುಹಿಸಬೇಕೆಂದುಕೊಂಡಿದ್ದರೆ, ಹಣ ಕಟ್ಟಲು ಅಪ್ಪನ ಫೋನ್‌ಪೇ ಕೇಳಬೇಕಾಗುತ್ತದೆ, ಕಥೆ ಅಲ್ಲಿಗೇ ನಿಂತುಹೋಗುತ್ತದೆ.

ಪ್ರಥಮ, ದ್ವಿತೀಯ, ತೃತೀಯ, ಸಮಾಧಾನಕರ ಎಂದು ಹಣವನ್ನು ಚೂರುಚೂರು ಮಾಡುವ ಬದಲು ತಲಾ 1,500 ರೂಪಾಯಿಯ ಮೂರು ಸಮಾನ ಬಹುಮಾನಗಳನ್ನಿಡಿ. ಉಳಿಯುವ 1,500 ರೂಪಾಯಿ ತೀರ್ಪುಗಾರರಿಗೆ ಪುಸ್ತಕ ಕೊಡಲು ಮತ್ತು ಅಂಚೆ ವೆಚ್ಚಕ್ಕೆ ಸಾಕು. ಅದಕ್ಕಿಂತ ಮುಖ್ಯವಾಗಿ, ಕೊನೆಯ ಸುತ್ತಿಗೆ ಬಂದ ಪ್ರತಿಯೊಂದು ಕಥೆಗೂ ತೀರ್ಪುಗಾರರು ಐದಾರು ಸಾಲಿನ ಲಿಖಿತ ಅಭಿಪ್ರಾಯ ಕೊಡುತ್ತಾರೆಂದು ಪ್ರಕಟಣೆಯಲ್ಲೇ ಹೇಳಿ. ತಮ್ಮ ಕಥೆಯನ್ನು ಗಮನವಿಟ್ಟು ಓದಿ, ಎಲ್ಲಿ ಗೆದ್ದಿದೆ, ಎಲ್ಲಿ ಸಡಿಲವಾಗಿದೆ ಎಂದು ಹೇಳುವವರು ಹೊಸಬರಿಗೆ ಸಿಗುವುದೇ ಅಪರೂಪವಾದ್ದರಿಂದ, ಒಳ್ಳೆಯ ಕಥೆಗಳನ್ನು ತರುವ ಶಕ್ತಿ ಹಣಕ್ಕಿಂತ ಈ ಭರವಸೆಗೇ ಹೆಚ್ಚು.

ಕೊನೆಯ ದಿನಾಂಕ ಆಗಸ್ಟ್ ಅಂತ್ಯಕ್ಕಿರಲಿ. ಮಳೆಗೆ ಕರೆಂಟು, ನೆಟ್‌ವರ್ಕ್ ಹೋಗುವ ನಮ್ಮ ಕಡೆ ಎರಡು ಮೂರು ದಿನಗಳ ರಿಯಾಯಿತಿಯೂ ಇರಲಿ. ಫಲಿತಾಂಶ ಮಾತ್ರ ಮುಂದೆ ಹೋಗದಿರಲಿ. ಕಾಫಿ ಕೊಯ್ಲು ಶುರುವಾದ ಮೇಲೆ ತೋಟದ ಮನೆಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.

ಉತ್ತರ 2 (ಹಾಸನದಿಂದ):
ಕಥೆಗಳನ್ನು ಗೂಗಲ್ ಫಾರ್ಮ್‌ನಲ್ಲಿ ಪಡೆಯಿರಿ, ಅದಕ್ಕೆ ಖರ್ಚಿಲ್ಲ. ಯೂನಿಕೋಡ್‌ನಲ್ಲೇ (ಮೊಬೈಲು, ಕಂಪ್ಯೂಟರುಗಳೆಲ್ಲ ಓದಬಲ್ಲ ಅಕ್ಷರ ಸಂಕೇತದಲ್ಲಿ) ಇರಬೇಕೆಂದು ಸ್ಪಷ್ಟವಾಗಿ ತಿಳಿಸಿ, ಏಕೆಂದರೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತವು ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ತೀರ್ಪಿನಲ್ಲಿ ಪಾಲಿಲ್ಲದ ಸದಸ್ಯರೊಬ್ಬರು ಹೆಸರು, ಊರು ತೆಗೆದು ಕ್ರಮಸಂಖ್ಯೆ ಹಾಕಿಯೇ ಕಥೆಗಳನ್ನು ಮುಂದಕ್ಕೆ ಕಳುಹಿಸಲಿ. ಎಲ್ಲರೂ ಎಲ್ಲರಿಗೂ ಪರಿಚಿತರಾಗಿರುವ ಊರುಗಳಲ್ಲಿ ಸ್ಪರ್ಧೆಯ ಮೇಲಿನ ನಂಬಿಕೆ ಉಳಿಯುವುದು ಇದರಿಂದಲೇ.

ಉತ್ತರ 3 (ಚಿಕ್ಕಮಗಳೂರಿನಿಂದ):
‘ಕಥೆಯ ಸಂಪೂರ್ಣ ಹಕ್ಕು ಸಂಘಟಕರದು’ ಎಂಬ ನಿಯಮವನ್ನು ದಯವಿಟ್ಟು ಸೇರಿಸಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ವರ್ಗಾಯಿಸಬೇಕಾದರೆ ಅದು ಲಿಖಿತವಾಗಿರಬೇಕು ಮತ್ತು ಹಕ್ಕು ಬಿಟ್ಟುಕೊಡುವವರ ಸಹಿ ಇರಬೇಕು. ಕಾನೂನಿನ ಮಾತು ಹಾಗಿರಲಿ, 1,500 ರೂಪಾಯಿಗೆ ಒಬ್ಬರ ಕಥೆಯನ್ನು ಶಾಶ್ವತವಾಗಿ ಕೇಳುವುದೇ ಅನ್ಯಾಯ. ಗೆದ್ದ ಕಥೆಯನ್ನು ಒಮ್ಮೆ ಪ್ರಕಟಿಸಲು ಅನುಮತಿ ಪಡೆದರೆ ಸಾಕು. ಫೇಸ್‌ಬುಕ್‌ನಲ್ಲಿ ಹಾಕಿದ ಕಥೆಯನ್ನು ಪ್ರಕಟಿತವೆಂದು ಎಣಿಸುತ್ತೀರೋ ಇಲ್ಲವೋ ಎಂಬುದನ್ನೂ ಮೊದಲೇ ಬರೆಯಿರಿ. ತಕರಾರುಗಳು ಹುಟ್ಟುವುದು ಇಂಥಲ್ಲಿಯೇ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಶುಲ್ಕದ ಪ್ರಸ್ತಾಪ ಕೈಬಿಟ್ಟು, ಮೂರು ಸಮಾನ ಬಹುಮಾನಗಳ ಸಲಹೆಯನ್ನು ಭಾನುವಾರದ ಸಭೆಯ ಮುಂದಿಡುತ್ತೇನೆ. ಲಿಖಿತ ಅಭಿಪ್ರಾಯ ಕೊಡಲು ಒಪ್ಪುವ ತೀರ್ಪುಗಾರರನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆಯೇ ಪ್ರಕಟಣೆ ಹೊರಡಿಸುತ್ತೇವೆ.